ಕೆಂಪು ಬಟ್ಟೆ ಕಟ್ಟಿದ ಮುಡಿ

ಲೋಕಯ್ಯಣ್ಣನ ಬಗ್ಗೆ ಊರಲ್ಲಿ ಈಗ ಎರಡು ಮಾತು ಉಂಟು. ಅಕ್ಕಿ ಕದ್ದು, ಅಕ್ಕಿ ಕಟ್ಟುವ ಬೈಹುಲ್ಲಿನ ಮುಡಿಗೆ ಪುಡಿ ತುಂಬಿಸಿದರು ಅಂತ ಒಂದು. ವಯಸ್ಸಾಯಿತು, ತಲೆ ಸರಿ ಇಲ್ಲ ಅಂತ ಇನ್ನೊಂದು. ಎರಡೂ ಸುಳ್ಳು. ನಡೆದದ್ದನ್ನು ನಾನು ಹೇಳ್ತೇನೆ, ಯಾಕೆಂದರೆ ಆ ಕೆಂಪು ಬಟ್ಟೆ ಬಿಚ್ಚಿದವಳು ನಾನು.

ನನ್ನ ಹೆಸರು ಶಶಿಪ್ರಭಾ. ಮಿಜಾರಿನ ಹತ್ತಿರ ದನಕ್ಕೆ ಹಾಕುವ ಖನಿಜದ ಪುಡಿ ತಯಾರಿಸುವ ಸಣ್ಣ ಘಟಕ ಒಂದುಂಟು, ಅದರ ಆಫೀಸಿನಲ್ಲಿ ಕೆಲಸ. ಲೋಕಯ್ಯಣ್ಣ ಅಲ್ಲಿ ಗೋಡೌನ್ ನೋಡಿಕೊಳ್ಳುವವರು. ಆದರೆ ಅವರನ್ನು ಯಾರೂ ಗೋಡೌನಿನವರು ಅಂತ ಕರೆದದ್ದಿಲ್ಲ. ನಾರಾವಿಯಿಂದ ಮೂಡುಬಿದಿರೆಯವರೆಗೆ ಅವರು ಉಗ್ರಾಣದ ಲೋಕಯ್ಯ. ಮೂವತ್ತು ವರ್ಷ ಯಾರ ಮನೆಯ ಮದುವೆಯಾದರೂ, ಯಾವ ದೇವಸ್ಥಾನದ ಬ್ರಹ್ಮಕಲಶೋತ್ಸವವಾದರೂ, ಅಕ್ಕಿ ಬೆಲ್ಲ ಎಣ್ಣೆ ಇಡುವ ಉಗ್ರಾಣದ ಬೀಗದ ಕೈ ಅವರ ಸೊಂಟದಲ್ಲೇ. ಅದಕ್ಕೆ ಸಂಬಳ ಇಲ್ಲ, ಮರ್ಯಾದೆ ಮಾತ್ರ. ಉಗ್ರಾಣಕ್ಕೆ ಬಂದದ್ದು ಅಡುಗೆಗಲ್ಲದೆ ಹೊರಗೆ ಹೋಗಬಾರದು ಅನ್ನುವುದು ಅವರ ಒಂದೇ ಕಾನೂನು. ಒಮ್ಮೆ ಮದುಮಗನ ಮಾವನೇ ಬಂದು ಅರ್ಧ ತೆಂಗಿನಕಾಯಿ ಕೇಳಿದರೂ ಕೊಟ್ಟಿರಲಿಲ್ಲ.

ನಮ್ಮ ಧನಿ, ಅಂದರೆ ಘಟಕದ ಮಾಲಕ, ಲತೇಶಣ್ಣ. ಹದಿನೆಂಟು ವರ್ಷ ಕುವೈಟಿನಲ್ಲಿ ಸೇಫ್ಟಿ ಆಫೀಸರ್ ಆಗಿದ್ದರಂತೆ. ಊರಿಗೆ ಬರುವಾಗ ಜನ ಚಿನ್ನ ತರ್ತಾರೆ, ಇವರು ಬೋರ್ಡು ತಂದರು. ಗೇಟಿನಲ್ಲಿ ಒಂದು, ಗೋಡೌನಿನಲ್ಲಿ ಏಳು, ಕಕ್ಕಸಿನ ಬಾಗಿಲಿಗೆ ಎರಡು. ಎಲ್ಲ ಇಂಗ್ಲಿಷಿನಲ್ಲಿ. ದಿನಾ ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಸಾಲಾಗಿ ನಿಂತು ಅವರ ಭಾಷಣ ಕೇಳಬೇಕು. ತಲೆಯ ಮೇಲೆ ಬೀಳುವಂಥದ್ದು ನಮ್ಮಲ್ಲಿ ಹಲ್ಲಿ ಬಿಟ್ಟರೆ ಬೇರೆ ಇರಲಿಲ್ಲ. ಗೇಟಿನ ಬೋರ್ಡಿನಲ್ಲಿ ಇರುವುದರ ಅರ್ಥ 'ಅಪಘಾತವಿಲ್ಲದ ದಿನಗಳು' ಅಂತ. ಅದರ ಮುಂದಿನ ಸಂಖ್ಯೆಯನ್ನು ಧನಿ ಸ್ವತಃ ಬರೆಯುವುದು, ಪೂಜೆಯ ಹಾಗೆ.

ಪುಡಿಗೆ ಹಾಕುವ ಸಾಮಾನಿನಲ್ಲಿ ಝಿಂಕ್ ಸಲ್ಫೇಟು ಅಂತ ಒಂದುಂಟು. ನೋಡಲಿಕ್ಕೆ ಉಪ್ಪೇ. ಲೆಕ್ಕದಲ್ಲಿ ಬೆರೆಸಿದರೆ ದನಕ್ಕೆ ಒಳ್ಳೆಯದು. ಹಾಗೇ ಮನುಷ್ಯರ ಹೊಟ್ಟೆಗೆ ಹೋದರೆ ವಾಂತಿ, ಕಣ್ಣಿಗೆ ಬಿದ್ದರೆ ಕಣ್ಣೇ ಹಾಳು. ಗಾಳಿಯ ತೇವ ಸಾಕು, ಕಲ್ಲಾಗ್ತದೆ. ಮುಚ್ಚಳ ಇರುವ ಡ್ರಮ್ಮಿನಲ್ಲಿ, ಹೆಸರು ಬರೆದು, ನೆಲದಿಂದ ಮೇಲೆ, ತಿನ್ನುವ ವಸ್ತುಗಳಿಂದ ದೂರ ಇಡಬೇಕು. ಇದೆಲ್ಲ ಬೋರ್ಡಿನಲ್ಲಿ ಉಂಟು. ಡ್ರಮ್ಮು ಮಾತ್ರ ಇರಲಿಲ್ಲ.

"ಧನಿ, ಡ್ರಮ್ಮು," ಅಂತ ಲೋಕಯ್ಯಣ್ಣ ಮೂರು ಸಲ ಕೇಳಿದರು.

"ಮುಂದಿನ ತಿಂಗಳು ನೋಡುವ," ಅಂದರು ಧನಿ. ಆ ತಿಂಗಳು ಇನ್ನೂ ನಾಲ್ಕು ಬೋರ್ಡು ಬಂತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಆಟಿ ತಿಂಗಳ, ಅಂದರೆ ಆಷಾಢದ, ಮಳೆಗೆ ಗೋಡೌನಿನ ಗೋಡೆ ಬೆವರಿತು. ಎರಡು ಸಣ್ಣ ಚೀಲ ಹರಿಯಿತು. ಲೋಕಯ್ಯಣ್ಣನಿಗೆ ಗೊತ್ತಿದ್ದ ವಿದ್ಯೆ ಒಂದೇ. ಮಳೆಗಾಲದಲ್ಲಿ ಅಕ್ಕಿ ಕೆಡದ ಹಾಗೆ ಹಿರಿಯರು ಮುಡಿ ಕಟ್ಟುತ್ತಿದ್ದರಲ್ಲ, ಬೈಹುಲ್ಲಿನೊಳಗೆ ಅಕ್ಕಿ ತುಂಬಿ ಹುಲ್ಲಿನ ಹಗ್ಗದಲ್ಲೇ ಚೆಂಡಿನ ಹಾಗೆ ಉರುಟಾಗಿ ಬಿಗಿಯುವುದು, ಅದೇ. ಮೂಗಿಗೆ ಹೆಗಲ ಮೇಲಿನ ಬೈರಾಸು, ಕೈಗೆ ಗ್ಲೌಸು. ಎರಡು ಚೀಲದ ಪುಡಿಯನ್ನು ದಪ್ಪ ಪ್ಲಾಸ್ಟಿಕ್ಕಿಗೆ ತುಂಬಿಸಿ, ಸುತ್ತ ಬೈಹುಲ್ಲು ಕೊಟ್ಟು ಮುಡಿ ಕಟ್ಟಿ ಜಂತಿಗೆ ನೇತು ಹಾಕಿದರು. ಗುರುತಿಗೆ ಕೆಂಪು ಬಟ್ಟೆ ಸುತ್ತಿದರು. ಮಳೆ ಬಿಟ್ಟ ಮೇಲೂ ಪುಡಿ ಹೊಸತರ ಹಾಗೆ ಇತ್ತಂತೆ. ಅವರ ಕೈಯ ಕೆಲಸ ಎಷ್ಟು ಚೆಂದ ಅಂದರೆ, ಅದು ಅಕ್ಕಿಯ ಮುಡಿಯೇ. ತಪ್ಪು ಇದ್ದದ್ದು ಅಲ್ಲೇ.

ಫೆಬ್ರವರಿಯಲ್ಲಿ ನಾರಾವಿ ಕಡೆಯ ಒಂದು ದೇವಸ್ಥಾನದಲ್ಲಿ ಬ್ರಹ್ಮಕಲಶ. ಊರೂರಿನಿಂದ ಹಸಿರು ಹೊರೆಕಾಣಿಕೆ, ಅಂದರೆ ಅನ್ನದಾನಕ್ಕೆ ಅಕ್ಕಿ ತರಕಾರಿ ಮೆರವಣಿಗೆಯಲ್ಲಿ ಹೋಗ್ತದೆ. ಈಗ ಎಲ್ಲರೂ ಗೋಣಿಯಲ್ಲಿ ಕಳಿಸುವುದು. ನಮ್ಮ ಧನಿಗೆ ಮುಡಿಯೇ ಆಗಬೇಕು, ಫೋಟೋದಲ್ಲಿ ಸಂಸ್ಕೃತಿ ಕಾಣ್ತದಲ್ಲ. ಲೋಕಯ್ಯಣ್ಣ ಐದು ಮುಡಿ ಕಟ್ಟಿ ಕೊಟ್ಟು, ದೇವಸ್ಥಾನದ ಉಗ್ರಾಣಕ್ಕೆ ಅಂತ ನಾಲ್ಕು ದಿನ ರಜೆ ಹಾಕಿ ಹೋದರು.

ಹೊರೆಕಾಣಿಕೆಯ ದಿನ ಡ್ರೈವರ್ ಫಯಾಝ್ ಐದನ್ನೂ ಪಿಕಪ್ಪಿಗೆ ಹಾಕಿದ. ಧನಿ ಬಿಳಿ ಪಂಚೆ ಉಟ್ಟು ಬಂದರು. "ನನ್ನ ಹೆಗಲಿಗೆ ಒಂದು ಬೇಡವಾ? ಅಗೋ, ಅಲ್ಲೊಂದುಂಟು," ಅಂತ ಜಂತಿ ತೋರಿಸಿದರು. ಫಯಾಝ್ ಇಳಿಸಿದ. "ಈ ಕೆಂಪು ಚಿಂದಿ ಎಂತಕ್ಕೆ ಶಶಿ? ಫೋಟೋಕ್ಕೆ ಒಳ್ಳೆಯದು ಕಾಣುವುದಿಲ್ಲ."

ನಾನು ಬಿಚ್ಚಿದೆ. ಯಾಕೆ ಕಟ್ಟಿದ್ದಾರೆ ಅಂತ ಒಂದು ಫೋನು ಮಾಡಿ ಕೇಳಬಹುದಿತ್ತು, ಕೇಳಲಿಲ್ಲ. ಆ ಮುಡಿಯನ್ನು ಹೆಗಲಿಗೇರಿಸಿ ಧನಿ ಏಳು ಫೋಟೋ ತೆಗೆಸಿಕೊಂಡರು. ಹಿಂದೆ ಬೋರ್ಡು ಕಾಣ್ತಿತ್ತು, ೪೧೨ ದಿನ. ಮತ್ತೆ ಅದನ್ನೂ ಉಳಿದ ಐದರ ಜೊತೆ ಪಿಕಪ್ಪಿಗೆ ಹಾಕಿ ದೇವಸ್ಥಾನಕ್ಕೆ ಕಳಿಸಿದೆವು.

ಲೋಕಯ್ಯಣ್ಣ ರಜೆಯಲ್ಲಿದ್ದ ಕಾರಣ ಮರುದಿನ ಬೆಳಿಗ್ಗೆ ನಾನೇ ಸ್ಟಾಕು ನೋಡುವಾಗ ಝಿಂಕ್ ಸಲ್ಫೇಟು ಎರಡು ಚೀಲ ಕಡಿಮೆ. ಕಂಪ್ಯೂಟರಿನಲ್ಲಿ ಸಿಗದೆ ಲೋಕಯ್ಯಣ್ಣನ ಕನ್ನಡದ ಪುಸ್ತಕ ತೆಗೆದೆ. ಆ ಪುಸ್ತಕವನ್ನು ಅಷ್ಟರವರೆಗೆ ನಾವು ಯಾರೂ ತೆರೆದದ್ದಿಲ್ಲ. ಉರುಟು ಅಕ್ಷರದಲ್ಲಿ ಬರೆದಿದ್ದರು: "ಎರಡು ಚೀಲ, ಕೆಂಪು ಬಟ್ಟೆಯ ಮುಡಿಯಲ್ಲಿ ಉಂಟು. ಅಕ್ಕಿ ಅಲ್ಲ. ಮುಟ್ಟಬೇಡಿ."

ಆ ದಿನ ಮಧ್ಯಾಹ್ನ ದೇವಸ್ಥಾನದಲ್ಲಿ ನಾಲ್ಕು ಸಾವಿರ ಜನರಿಗೆ ಊಟ. ಅಡುಗೆ ಶುರುವಾದ ಮೇಲೆ ಲೋಕಯ್ಯಣ್ಣ ಫೋನು ಮುಟ್ಟುವವರಲ್ಲ. ಧನಿಗೆ ಮಾಡಿದರೆ ಅವರು ವೇದಿಕೆಯಲ್ಲಿ ಇದ್ದರು, ಕಟ್ ಮಾಡಿದರು. ಫಯಾಝ್ ಪಿಕಪ್ಪು ಓಡಿಸಿದ ಓಟಕ್ಕೆ ನಾನು ದೇವರನ್ನು ನೆನೆಯಲೂ ಆಗಲಿಲ್ಲ.

ತಲುಪುವಾಗ ಧಾರ್ಮಿಕ ಸಭೆ ನಡೀತಿತ್ತು. ಧನಿ ಶಾಲು ಹೊದೆಸಿಕೊಳ್ಳಲಿಕ್ಕೆ ಸರತಿಯಲ್ಲಿ ಕೂತಿದ್ದರು. ನಾನು ಕೈಸನ್ನೆ ಮಾಡಿ ಇಳಿಸಿ, ವಿಷಯ ಹೇಳಿ, ಉಗ್ರಾಣಕ್ಕೆ ಕರೆದುಕೊಂಡು ಹೋದೆ.

ಲೋಕಯ್ಯಣ್ಣ ಕೇಳಿದವರೇ ಒಳಗೆ ನಡೆದರು. ನಮ್ಮ ಆರು ಮುಡಿಗಳ ಮೇಲೆ ಕೈಯಾಡಿಸುತ್ತಾ ಹೋದರು. ಆ ಒಂದು ಮುಡಿಯ ಹಗ್ಗವನ್ನು ಅವರು ಎಡಕ್ಕೆ ಹೊಸೆದಿದ್ದರಂತೆ, ಬಟ್ಟೆ ಬಿದ್ದುಹೋದರೂ ಕೈಗೆ ಗೊತ್ತಾಗಲಿ ಅಂತ. ಸಿಕ್ಕಿತು. ಬಿಚ್ಚಿರಲಿಲ್ಲ. ನನಗೆ ಜೀವ ಬಂತು.

ಆದರೆ ಧನಿ ಹೆಗಲಿಗೆ ಇಟ್ಟುಕೊಂಡ ಕಡೆ ಹುಲ್ಲು ಸಡಿಲವಾಗಿ ಪ್ಲಾಸ್ಟಿಕ್ಕು ಹರಿದಿತ್ತು. ಬಿಳಿ ಪುಡಿ ಸೋರಿತ್ತು. ಮುಡಿ ಇಟ್ಟ ಹಲಗೆಯ ಅಟ್ಟದ ಕೆಳಗೆ ಮೂರು ಕೊಪ್ಪರಿಗೆಯಲ್ಲಿ ಅನ್ನಕ್ಕೆ ಅಂತ ಸುರಿದಿಟ್ಟ ಅಕ್ಕಿ, ಸುತ್ತ ಬಾಯಿ ತೆರೆದ ಗೋಣಿಗಳು.

"ಮುಡಿ ಸಿಕ್ಕಿತಲ್ಲ, ಮೆಲ್ಲ ಹಿಂದಿನ ಬಾಗಿಲಿಂದ ತೆಗೆಯುವ," ಅಂದರು ಧನಿ. "ಅಕ್ಕಿ ಹೇಗೂ ತೊಳೀತಾರೆ. ಯಾರೂ ನೋಡಲಿಲ್ಲ."

"ಎಷ್ಟು ಬಿದ್ದಿದೆ, ಯಾವುದರಲ್ಲಿ ಬಿದ್ದಿದೆ, ನಿಮಗೆ ಗೊತ್ತುಂಟಾ ಧನಿ?" ಅಂತ ಲೋಕಯ್ಯಣ್ಣ ಕೇಳಿದರು.

"ಸ್ವಲ್ಪ ಇರಬಹುದು ಮಾರಾಯ್ರೆ."

"ಸ್ವಲ್ಪ ಆದರೆ ತೊಳೆದು ತಿನ್ನಬಹುದು ಅಂತ ನಿಮ್ಮ ಬೋರ್ಡಿನಲ್ಲಿ ಬರೆದುಂಟಾ?"

ಧನಿ ಬಾಗಿಲ ಕಡೆ ನೋಡಿದರು. ಮತ್ತೆ ತಗ್ಗಿದ ದನಿಯಲ್ಲಿ, "ನೀವು ಹೇಳಿದರೆ ನಿಮ್ಮನ್ನು ಇನ್ನು ಯಾರೂ ಉಗ್ರಾಣಕ್ಕೆ ಕರೆಯುವುದಿಲ್ಲ, ನೋಡಿ," ಅಂದರು. ಆ ಮನುಷ್ಯ ವರ್ಷದಲ್ಲಿ ಆಡಿದ ಒಂದೇ ಸತ್ಯ ಅದು.

ಲೋಕಯ್ಯಣ್ಣ ಬೀಗದ ಕೈಯನ್ನು ಅಡುಗೆಯ ಜತ್ತಪ್ಪನ ಕೈಗೆ ಕೊಟ್ಟು, "ಒಂದು ಕಾಳು ಮುಟ್ಟಬೇಡ," ಅಂದರು. ಸೀದಾ ವೇದಿಕೆಗೆ ಹೋಗಿ ಭಾಷಣ ಮಾಡ್ತಿದ್ದವರಿಂದ ಮೈಕು ತೆಗೆದುಕೊಂಡರು. "ನಾನು ಉಗ್ರಾಣದ ಲೋಕಯ್ಯ. ಅಕ್ಕಿಯ ಮುಡಿಯ ಹಾಗೆ ಕಟ್ಟಿದ ದನದ ಪುಡಿಯ ಸಾಮಾನು ಉಗ್ರಾಣಕ್ಕೆ ಬಂದಿದೆ, ಸೋರಿದೆ. ಮನುಷ್ಯರಿಗೆ ಆಗದ್ದು. ಕಟ್ಟಿದ್ದು ನಾನು, ನೋಡದೆ ಒಳಗೆ ಇಟ್ಟದ್ದೂ ನಾನು. ಅಲ್ಲಿರುವ ಅಕ್ಕಿ ಬೇಡ. ಬೇರೆ ತರಿಸಬೇಕು, ಊಟ ತಡ ಆಗ್ತದೆ."

ಧನಿಯ ಹೆಸರು ಬರಲಿಲ್ಲ. ನನ್ನ ಹೆಸರೂ ಬರಲಿಲ್ಲ. ನಾನು ಕೆಳಗೆ ನಿಂತಿದ್ದೆ, ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನಾಚಿಕೆ ಆಗ್ತದೆ, ಈಗಲೂ.

ಮೂಡುಬಿದಿರೆಯಿಂದ ಬೇರೆ ಅಕ್ಕಿ ಬಂತು. ಊಟ ಮೂರು ಗಂಟೆಗೆ. ಹಸಿದ ಜನ ಲೋಕಯ್ಯಣ್ಣನಿಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಕೆಟ್ಟ ಅಕ್ಕಿಯನ್ನು ತೋಡಿಗೆ ಸುರಿಯಲೂ ಅವರು ಬಿಡಲಿಲ್ಲ. ತಮ್ಮ ಕಾನೂನನ್ನು ತಾವೇ ಮುರಿದು ಉಗ್ರಾಣದಿಂದ ಒಂದೊಂದೇ ಗೋಣಿ ಹೊರಗೆ ಹೊತ್ತರು. ಬಾಯಿ ಕಟ್ಟಿ, ಚೀಟಿ ಬರೆದು, ಫಯಾಝನ ಪಿಕಪ್ಪಿಗೆ ಹಾಕಿದರು. ಅತ್ತ ಧನಿಗೆ ಶಾಲು ಹೊದೆಸಿದರು, ಅದು ಮಾತ್ರ ಸಮಯಕ್ಕೆ ಸರಿಯಾಗಿ.

ಮಾರನೇ ವಾರ ಮುಚ್ಚಳದ ಹತ್ತು ಡ್ರಮ್ಮು ಬಂತು. ಬೋರ್ಡಿನಲ್ಲಿ ಧನಿ ೪೨೦ ಬರೆದರು. ಅಪಘಾತ ಆದದ್ದು ಗೇಟಿನ ಹೊರಗಲ್ವಾ, ಹಾಗಾಗಿ ಲೆಕ್ಕಕ್ಕಿಲ್ಲವಂತೆ. ಲೋಕಯ್ಯಣ್ಣ ಚಾ ಕುಡಿದು ಬಂದು ಅದನ್ನು ಒರೆಸಿ ಸೊನ್ನೆ ಬರೆದರು. ಮರುದಿನ ಧನಿ ೪೨೧ ಬರೆದರು, ಇವರು ಸೊನ್ನೆ. ಬಾಯಿ ತೆರೆದು ಬೈಯುವ ಧೈರ್ಯ ಧನಿಗೆ ಇರಲಿಲ್ಲ.

ಆ ವರ್ಷದ ಮದುವೆಗಳಿಗೆ ಲೋಕಯ್ಯಣ್ಣನಿಗೆ ಕಾಗದ ಬಂತು, ಬೀಗದ ಕೈ ಬರಲಿಲ್ಲ. ಉಳಿದವರ ಹಾಗೆ ಪಂಕ್ತಿಯಲ್ಲಿ ಕೂತು ಉಂಡು ಬರ್ತಾರೆ. ಬಡಿಸುವವರು ಅವರ ಮುಖ ನೋಡುವುದಿಲ್ಲ.

"ಎಷ್ಟು ದಿನ ಸೊನ್ನೆ ಬರೀತೀರಿ ಲೋಕಯ್ಯಣ್ಣ?" ಅಂತ ಒಂದು ದಿನ ಕೇಳಿದೆ.

"ಯಾರಾದರೂ ಉಗ್ರಾಣಕ್ಕೆ ಕರೆಯುವವರೆಗೆ," ಅಂದರು.

ಹೋದ ತಿಂಗಳು ಅವರಿಗೆ ಸೊಂಟನೋವು, ಹದಿನೈದು ದಿನ ಬರಲಿಲ್ಲ. ಧನಿ ಖುಷಿಯಲ್ಲಿ ಸಂಖ್ಯೆ ಬರೆದು ಹೋದರು. ನಾನು ನನ್ನ ಕೈಚೀಲದಿಂದ ಕೆಂಪು ಬಟ್ಟೆ ತೆಗೆದೆ. ಅದನ್ನು ಆವತ್ತಿನಿಂದ ಬಿಸಾಡಿರಲಿಲ್ಲ. ಅದರಲ್ಲೇ ಬೋರ್ಡು ಒರೆಸಿ ಸೊನ್ನೆ ಬರೆದು, ಕೆಳಗೆ ನನ್ನ ಹೆಸರು ಹಾಕಿದೆ.