ಗೇಟಿನ ಮುಂದಿನ ಕುರ್ಚಿ

ಜನಸೇವೆಗಾಗಿಯೇ ವೈದ್ಯರಾಗುತ್ತಾರೆ ಎಂದು ಸನ್ಮಾನ ಸಭೆಗಳಲ್ಲಿ ಹೇಳುವುದುಂಟು. ನನಗೆ ಸನ್ಮಾನವಾದಾಗಲೂ ಹಾಗೇ ಹೇಳಿದರು. ಶಾಲು ಹೊದ್ದು ಕೂತಿದ್ದವನು ತಿದ್ದಲು ಹೋಗಲಿಲ್ಲ. ನಾನು ರಕ್ತನಾಳಗಳ ಸರ್ಜನ್ ಆದದ್ದು ಸೇಡಿಗಾಗಿ.

ಅಪ್ಪ ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆಯ ಕೆಲಸಗಾರರು. ಕಾಗದನಗರದ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ನಾನು ಹೈಸ್ಕೂಲಿನಲ್ಲಿದ್ದಾಗ ಅವರ ಎಡಗಾಲಿನ ಹೆಬ್ಬೆರಳು ಕಪ್ಪಾಯಿತು. ಶಿವಮೊಗ್ಗದ ಹೆಸರಾಂತ ಸರ್ಜನ್ ಹತ್ತಿರ ಹೋದೆವು. ದೊಡ್ಡವರು, ಮೇಜಿನ ಆ ಕಡೆಯಿಂದ ಏಳಲಿಲ್ಲ. ಪೆನ್ನಿನ ತುದಿಯನ್ನು ಅಪ್ಪನ ಮಂಡಿಯತ್ತ ತೋರಿಸಿ, "ಇಲ್ಲಿಂದ ತೆಗೀಬೇಕು" ಅಂದರು. ಅಮ್ಮ ಏನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ರೋಗಿಗೆ ಗಂಟೆ ಬಾರಿಸಿದ್ದರು.

ಮುಂದೆ ಓದುವಾಗ ತಿಳಿಯಿತು: ಕಾಲಿಗೆ ರಕ್ತ ಹರಿಯುತ್ತಿದೆಯೇ ಎಂದು ನೋಡಲು ಮೊದಲು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಬೇಕು. ಅದಕ್ಕೆ ಬಗ್ಗಬೇಕು. ಬಗ್ಗಿದ್ದರೆ ಅಪ್ಪನ ಕಾಲು ಉಳಿಯುತ್ತಿತ್ತು ಎಂದು ಪ್ರಮಾಣ ಮಾಡಲಾರೆ. ಬಗ್ಗಲಿಲ್ಲ ಎಂದು ಯಾವ ದೇವರ ಮುಂದೆ ಬೇಕಾದರೂ ಮಾಡುತ್ತೇನೆ.

ಆ ವಿದ್ಯೆಯನ್ನೇ ಕಲಿತು ಶಿವಮೊಗ್ಗಕ್ಕೆ ಬಂದೆ. ಕೋಟೆಯ ಹತ್ತಿರ, ಆ ದೊಡ್ಡವರಿದ್ದ ಬೀದಿಯಲ್ಲೇ ಮನೆ ಹುಡುಕಿದೆ. ಬ್ರೋಕರ್ ಮಲವಗೊಪ್ಪದ ಕಡೆ ಒಳ್ಳೆಯ ಗಾಳಿ ಬೆಳಕಿನ ಮನೆ ತೋರಿಸಿದ್ದ. ನನಗೆ ಗಾಳಿ ಬೆಳಕು ಬೇಕಿರಲಿಲ್ಲ. ಜೊತೆಗೆ ಬಂದ ಅಪ್ಪ ಬೆಳಿಗ್ಗೆ ಗೇಟಿನ ಮುಂದೆ ಕುರ್ಚಿ ಹಾಕಿಸಿಕೊಂಡು ಪೇಪರ್ ಓದುತ್ತಾ, ಕಾಗದ ಮೊದಲಿನ ಹಾಗಿಲ್ಲ ಎಂದು ಗೊಣಗುತ್ತಿದ್ದರು.

ಇನ್ನು ಕಾಯುವುದಷ್ಟೇ ಉಳಿದಿತ್ತು. ಆ ದೊಡ್ಡವರ ವಯಸ್ಸು, ಸಕ್ಕರೆ ಕಾಯಿಲೆ, ಸಿಗರೇಟು, ಮೂರೂ ನನ್ನ ಪಕ್ಷದಲ್ಲಿದ್ದವು. ಕೊನೆಗೆ ಕಳೆದ ವರ್ಷ ಅವರು ನನ್ನ ಆಸ್ಪತ್ರೆಗೆ ಬಂದರು. ಸ್ವಲ್ಪ ನಡೆದರೆ ಎಡಗಾಲಿನ ಮೀನಖಂಡ ಹಿಂಡುತ್ತದೆ, ನಿಂತರೆ ಬಿಡುತ್ತದೆ ಎಂದರು. ನಾನು ಯಾರ ಮಗನೆಂದು ಅವರಿಗೆ ಗುರುತು ಸಿಗಲಿಲ್ಲ. ನಾನು ಕೆಳಗೆ ಕೂತು ಅವರ ಪಾದ ಮುಟ್ಟಿದೆ. ನನ್ನ ತಲೆಯ ಮೇಲೆ ಒಂದು ಕೈ ಬಂದು ಕೂತಿತು.

"ಇರಲಿ, ಏಳಪ್ಪ. ಒಳ್ಳೇದಾಗ್ಲಿ. ಹಿರಿಯರಿಗೆ ಇಷ್ಟು ಮರ್ಯಾದೆ ಈಗ ಯಾರು ಕೊಡ್ತಾರೆ."

"ಆಶೀರ್ವಾದ ಆಮೇಲೆ ಮಾಡಿ ಸರ್. ನಾಡಿ ಹುಡುಕ್ತಾ ಇದ್ದೀನಿ."

ಕೈ ತಲೆಯಿಂದ ಇಳಿಯಿತು. ತೀರ ಸಣ್ಣ ದನಿಯಲ್ಲಿ, "ತೆಗೀಬೇಕಾ?" ಅಂದರು.

ಎಷ್ಟೋ ವರ್ಷ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಜೇಬಿನಿಂದ ಪೆನ್ನು ತೆಗೆದೆ. ಅವರ ಮಂಡಿಯತ್ತ ತೋರಿಸಿ, ನನಗೆ ತೃಪ್ತಿಯಾಗುವಷ್ಟು ಹೊತ್ತು ಹಿಡಿದೆ. ಆಮೇಲೆ ಅದೇ ಪೆನ್ನಿನಲ್ಲಿ ಚೀಟಿ ಬರೆದೆ: ಸಿಗರೇಟು ಬಿಡಬೇಕು, ಮಾತ್ರೆ ನುಂಗಬೇಕು, ದಿನಾ ನಡೆಯಬೇಕು. ನೋವು ಬರುವವರೆಗೆ ನಡೆದು, ಕೂತು, ನೋವು ಬಿಟ್ಟ ಮೇಲೆ ಮತ್ತೆ ನಡೆಯಬೇಕು. ಇದು ಶಾಸ್ತ್ರೋಕ್ತ ಚಿಕಿತ್ಸೆ. ಅನುಮಾನವಿದ್ದವರು ಪುಸ್ತಕ ತೆಗೆದು ನೋಡಬಹುದು. ಅವರ ಮನೆಯಿಂದ ಹೊರಟರೆ ನೋವು ಬರುವುದು ಸರಿಯಾಗಿ ನಮ್ಮ ಗೇಟಿನ ಮುಂದೆ ಎಂಬುದು ಮಾತ್ರ ಪುಸ್ತಕದಲ್ಲಿಲ್ಲ. ಬೀದಿಯ ಇನ್ನೊಂದು ಕಡೆ ಏರು. ಅತ್ತ ಹೋಗಕೂಡದೆಂದು ಅಡಿಗೆರೆ ಎಳೆದು ಬರೆದಿದ್ದೆ.

ಮರುದಿನ ಗೇಟಿನ ಮುಂದೆ ಇನ್ನೊಂದು ಕುರ್ಚಿ ಹಾಕಿಸಿ, ಕಾಫಿ ಹಿಡಿದು ಕಿಟಕಿಯಲ್ಲಿ ನಿಂತೆ. ಬಂದರು, ಕುಂಟಿದರು, ನಿಂತರು.

"ಯಾವ ಕಾಲು ಡಾಕ್ಟ್ರೇ?" ಅಪ್ಪ ಕೇಳಿದರು.

"ಎಡಗಾಲು."

ಅಪ್ಪ ಪೈಜಾಮದ ಖಾಲಿ ಕಾಲನ್ನು ತೊಡೆಯ ಮೇಲೆ ಮಡಚಿಟ್ಟರು. "ನಂದೂ ಅದೇ. ನೀವೇ ತೆಗ್ದಿದ್ದು. ಕೂತ್ಕಳಿ."

ಕೂತರು. ನೋವು ಬಿಡುವವರೆಗೆ ಬೇರೆ ದಾರಿ ಇರಲಿಲ್ಲ. ಕ್ಷಮಿಸಿ ಎನ್ನುವ ಮಾತು ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಅಷ್ಟರಲ್ಲಿ ಒಂದು ಅನಾಹುತವಾಯಿತು: ನನ್ನ ಚಿಕಿತ್ಸೆ ಫಲ ಕೊಡತೊಡಗಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಅಪ್ಪನ ಕಡೆ ನೋಡದೆ ಗೇಟು ದಾಟಿ, ತಿರುವಿನ ಹೂವಿನಂಗಡಿಯವರೆಗೆ ನಡೆದರು. ಅವರು ತಪ್ಪಿಸಿಕೊಳ್ಳುವ ಹಾಗೆ ನಾನೇ ಕೈಯಾರೆ ಮಾಡಿಬಿಟ್ಟೆನಲ್ಲ ಎಂದು ಅಪ್ಪನ ಮುಂದೆ ಹಲುಬಿದೆ.

"ನೀನು ಅವರ ಕಾಲು ನೋಡ್ಕೋ ಮಾರಾಯ," ಅಂದರು ಪೇಪರಿನಿಂದ ತಲೆ ಎತ್ತದೆ.

ಮರುದಿನ ಗೇಟಿನ ಮುಂದೆ ಕುರ್ಚಿಗಳಿರಲಿಲ್ಲ. ಎರಡೂ ಹೂವಿನಂಗಡಿಯ ಪಕ್ಕದಲ್ಲಿದ್ದವು. ಅಪ್ಪ ಊರುಗೋಲನ್ನು ಗೋಡೆಗೆ ಒರಗಿಸಿ, ಖಾಲಿ ಕುರ್ಚಿಯ ಧೂಳು ಒರೆಸುತ್ತಿದ್ದರು.

ದೊಡ್ಡವರ ಕಾಲು ಸುಧಾರಿಸುತ್ತಲೇ ಇದೆ. ಕುರ್ಚಿಗಳು ಈಗ ಹೂವಿನಂಗಡಿಯನ್ನೂ ದಾಟಿ ದೇವಸ್ಥಾನದ ಹತ್ತಿರ ಬಂದಿವೆ.