ಪಕ್ಕದ ರೂಮಿನ ನಗು

ಹೋಟೆಲಿನಲ್ಲಿ ನಮಗೆ ಸಿಕ್ಕಿದ್ದು ಅಕ್ಕಪಕ್ಕದ ಎರಡು ರೂಮು, ನಡುವೆ ಒಂದೇ ಗೋಡೆ. ಹೆಂಗಸರು ಮಕ್ಕಳು ಒಂದರಲ್ಲಿ, ಗಂಡಸರು ಇನ್ನೊಂದರಲ್ಲಿ ಎಂದು ಅತ್ತೆ ಬಾಗಿಲಲ್ಲಿ ನಿಂತೇ ತೀರ್ಮಾನ ಮಾಡಿಬಿಟ್ಟರು. ಯಾರೂ ಎದುರು ಹೇಳಲಿಲ್ಲ. ಮದುವೆ ಛತ್ರದಲ್ಲಾಗಲಿ, ಮಠದ ಜಾಗದಲ್ಲಾಗಲಿ ನಮ್ಮವರು ಮಲಗುವುದೇ ಹಾಗೆ. ಬೆಂಗಳೂರಿನ ಹೊರಗೆ, ಥೀಮ್ ಪಾರ್ಕಿನ ಹತ್ತಿರದ ಹೋಟೆಲಿಗೂ ಅದೇ ಕಾನೂನು ಬಂತು.

ಗಂಡಸರೆಂದರೆ ಮೂರೇ ಜನ. ನಾನು, ನಮ್ಮ ಮಾವ, ಮತ್ತು ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ. ಆ ಕಡೆ ಅತ್ತೆ, ನನ್ನ ಹೆಂಡತಿ, ಅವಳ ತಂಗಿ, ನನ್ನ ಇಬ್ಬರು ಹೆಣ್ಣುಮಕ್ಕಳು, ಷಡ್ಡಕನ ಪುಟ್ಟ ಮಗ. ಬೇಸಿಗೆ ರಜೆಗೆ ಎಲ್ಲರೂ ಟಿ. ನರಸೀಪುರದ ಮಾವನ ಮನೆಯಲ್ಲಿ ಸೇರಿದ್ದೆವು. ಮಕ್ಕಳು ಹಟ ಹಿಡಿದ ಮೇಲೆ ಅಲ್ಲಿಂದಲೇ ಒಂದು ಟಿ.ಟಿ. ಗಾಡಿ ಮಾಡಿಕೊಂಡು ಹೊರಟೆವು. ಒಂದು ರಾತ್ರಿ ಹೋಟೆಲು, ಮಾರನೆಯ ದಿನವೆಲ್ಲ ಪಾರ್ಕು, ಸಂಜೆಗೆ ವಾಪಸ್ಸು.

ದೊಡ್ಡ ಅಳಿಯನೆಂದು ಕಿಟಕಿ ಪಕ್ಕದ ಮಂಚ ನನಗೆ ಬಂತು. ಇನ್ನೊಂದು ಮಾವನಿಗೆ. ಷಡ್ಡಕನಿಗೆ ನೆಲದ ಮೇಲೆ ಹಾಸಿಗೆ. ಅವನಿಗೆ ಅದರ ಚಿಂತೆಯೇ ಇರಲಿಲ್ಲ. ಬ್ಯಾಗನ್ನು ಮೂಲೆಗೆ ತಳ್ಳಿ, ಮುಖ ತೊಳೆದು, ಮಕ್ಕಳನ್ನು ನೋಡಿಕೊಂಡು ಬರುತ್ತೇನೆ ಎಂದು ಆ ರೂಮಿಗೆ ಹೋದವನು ಅಲ್ಲೇ ಉಳಿದುಬಿಟ್ಟ.

ಸ್ವಲ್ಪ ಹೊತ್ತಿಗೆ ಗೋಡೆಯ ಆಚೆ ನಗು ಶುರುವಾಯಿತು. ನಾಲ್ಕೈದು ಜನರ ನಗುವಿನಲ್ಲಿ ಒಂದು ಮಾತ್ರ ಬೇರೆಯಾಗಿ ಕೇಳುತ್ತಿತ್ತು. ಮೊದಲು ಸದ್ದೇ ಇಲ್ಲ, ಉಸಿರು ಕಟ್ಟಿದಂತೆ, ಆಮೇಲೆ ಒಮ್ಮೆಗೇ ಕುಕ್ಕರಿನ ವಿಷಲ್ ಹೊಡೆದ ಹಾಗೆ. ನಾದಿನಿಯದಿರಬೇಕು ಅಂದುಕೊಂಡೆ. ಮಾವ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು:

"ನಮ್ ದೊಡ್ಡವ್ಳು. ಚಿಕ್ಕೋಳಾಗಿದ್ದಾಗ್ನಿಂದ್ಲೂ ಅವ್ಳು ನಗೋದೇ ಅಂಗೆ."

ದೊಡ್ಡವಳೆಂದರೆ ನನ್ನ ಹೆಂಡತಿ. ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು. ಆ ನಗುವನ್ನು ನಾನು ಕೇಳಿದ್ದು ಅದೇ ಮೊದಲು, ಅದೂ ಗೋಡೆಯ ಈಚೆಯಿಂದ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಟ್ಟ ವಾರವೇ ಬೇರೆಯವರ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವವರಿಗೆ ಕಬ್ಬಿಣ ಹಿಡಿದುಕೊಡಲು ನಿಂತೆ. ಈಗ ನಂಜನಗೂಡಿನ ಊಟಿ ರಸ್ತೆಯಲ್ಲಿ ನನ್ನದೇ ಗ್ರಿಲ್ ಅಂಗಡಿ ಇದೆ. ಕಳಲೆಯಿಂದ ಚಿಕ್ಕಯ್ಯನಛತ್ರದವರೆಗೆ ನಾನು ಮಾಡಿದ ಗೇಟು ಇಲ್ಲದ ಬೀದಿ ಕಡಿಮೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮನೆಗೆ ಬಂದಾಗ ಗ್ರೈಂಡರಿನ ಸದ್ದು ಕಿವಿಯಲ್ಲಿ ಇನ್ನೂ ಗುಂಯ್ ಎನ್ನುತ್ತಿರುತ್ತದೆ, ಯಾರ ಮಾತೂ ಬೇಡವಾಗಿರುತ್ತದೆ. ಹೆಂಡತಿ ಬಡಿಸುತ್ತಾಳೆ, ನಾನು ಉಣ್ಣುತ್ತೇನೆ. ಅವಳು ಮಾತು ಕಡಿಮೆಯ ಹೆಂಗಸು ಎಂದೇ ತಿಳಿದಿದ್ದೆ. ನಾಲ್ಕು ಜನರ ಮುಂದೆ ಹಾಗೆ ಹೊಗಳಿಯೂ ಇದ್ದೆ.

ಷಡ್ಡಕ ಮೈಸೂರಿನ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಸೀರೆಯನ್ನು ತನ್ನ ಹೆಗಲಿಗೇ ಹಾಕಿಕೊಂಡು, ನೆರಿಗೆ ಹಿಡಿದು, ಸೆರಗು ಇಳಿಬಿಟ್ಟು ಗಿರಾಕಿಗಳಿಗೆ ತೋರಿಸುವ ಕೆಲಸ. ಗಂಡಸು ಮಾಡುವ ಕೆಲಸವಾ ಅದು ಎಂದು ನನ್ನ ಅಂಗಡಿಯಲ್ಲಿ ಹುಡುಗರ ಮುಂದೆ ಎಷ್ಟೋ ಸಲ ಆಡಿಕೊಂಡಿದ್ದೇನೆ. ಕೈಯಲ್ಲಿ ಒಂದು ಗಾಯದ ಗುರುತಿಲ್ಲ ಅವನಿಗೆ. ಅಂಥವನು ಗೋಡೆಯ ಆಚೆ ಕೂತು ನನ್ನ ಹೆಂಡತಿಯನ್ನು ನಗಿಸುತ್ತಿದ್ದ. ನಾನು ದೊಡ್ಡ ಅಳಿಯನ ಮಂಚದ ಮೇಲೆ ಕೂತು ವಾರ್ತೆ ನೋಡುತ್ತಿದ್ದೆ.

ಕೂರಲಾಗಲಿಲ್ಲ. ಚಾರ್ಜರ್ ಬೇಕೆಂದು ನೆಪ ಮಾಡಿಕೊಂಡು ಹೋಗಿ ಬಾಗಿಲು ಬಡಿದೆ. ಒಳಗಿನಿಂದ ಅತ್ತೆ, "ಅಳಿಯಂದ್ರು ಬಂದ್ರು, ಸುಮ್ಕಿರಿ" ಅಂದದ್ದು ಸರಿಯಾಗಿ ಕೇಳಿಸಿತು. ಬಾಗಿಲು ತೆರೆಯುವಷ್ಟರಲ್ಲಿ ರೂಮು ಶಾಂತವಾಗಿತ್ತು. ನಾದಿನಿ ಕಾಲು ಮಡಚಿಕೊಂಡಳು. ಹೆಂಡತಿ ಸೆರಗು ಎಳೆದುಕೊಂಡು ಎದ್ದು ನಿಂತು, ಏನು ಬೇಕಿತ್ತು ಎಂದು ಕೇಳಿದಳು, ನಂಜನಗೂಡಿನ ಮನೆಯಲ್ಲಿ ಕೇಳುವ ಅದೇ ದನಿಯಲ್ಲಿ. ಕಣ್ಣಿನ ಕೊನೆಯಲ್ಲಿ ಇನ್ನೂ ನೀರಿತ್ತು, ನಕ್ಕು ನಕ್ಕು ಬಂದದ್ದು. ಷಡ್ಡಕ ಮಾತ್ರ ಮಂಚದ ಕಾಲ ಕಡೆ ಅಡ್ಡ ಮಲಗಿದ್ದವನು ಏಳಲೂ ಇಲ್ಲ, ದಿಂಬು ತಬ್ಬಿಕೊಂಡು ನನ್ನ ಕಡೆ ನೋಡಿ ನಕ್ಕ. ಅವನೂ ಆ ಮನೆಯ ಅಳಿಯನೇ ತಾನೇ? ಅವನು ಬಂದಾಗ ಯಾರೂ ಸುಮ್ಮನಾಗಿರಲಿಲ್ಲ, ಯಾರೂ ಎದ್ದು ನಿಂತಿರಲಿಲ್ಲ.

ಚಾರ್ಜರ್ ತೆಗೆದುಕೊಂಡು ಬಂದೆ. ನಾನು ಮಂಚಕ್ಕೆ ಬಂದು ಕೂತ ಮೇಲೆ ಗೋಡೆಯ ಆಚೆ ಮತ್ತೆ ಶುರುವಾಯಿತು.

ಎರಡನೇ ಸಲ ಹೋದಾಗ ಚಿಕ್ಕ ಮಗಳು ನೀರಿನ ಬಾಟಲಿಗೆಂದು ಹೊರಗೆ ಬಂದಿದ್ದಳು, ಬಾಗಿಲು ಅರ್ಧ ತೆರೆದಿತ್ತು. ಬಡಿಯಲಿಲ್ಲ. ನೋಡಿದರೆ ರೂಮಿನ ನಡುವೆ ನನ್ನ ಹೆಂಡತಿ ನಿಂತಿದ್ದಾಳೆ. ಬಲ ಹೆಗಲು ಒಂದಿಷ್ಟು ಕೆಳಗೆ. ಬೀರುವಿನ ಹಿಡಿಯನ್ನು ಎರಡು ಸಲ ಅಲ್ಲಾಡಿಸಿದಳು. ಒಂದು ಕಣ್ಣು ಮುಚ್ಚಿ ಅದರ ಬಾಗಿಲಿನ ಅಂಚನ್ನು ಮೇಲಿಂದ ಕೆಳಗೆ ನೋಡಿದಳು. ಹೆಬ್ಬೆರಳಿನಿಂದ ಮೂಲೆಯನ್ನು ಉಜ್ಜಿ, ಆ ಬೆರಳನ್ನೇ ನೋಡಿಕೊಂಡು, ಗಂಟಲು ದಪ್ಪ ಮಾಡಿ ಹೇಳಿದಳು:

"ಯಾರ್ಲಾ ಮಾಡಿದ್ದು ಇದ? ಕೆಲ್ಸ ಕಲ್ತು ಮಾಡಿದ್ನಾ, ಮಾಡ್ತಾ ಕಲ್ತನಾ?"

ಅದು ನಾನು. ಥೇಟ್ ನಾನೇ. ಕಬ್ಬಿಣ ಹೊತ್ತು ಹೊತ್ತು ನನ್ನ ಬಲ ಹೆಗಲು ಇಳಿದಿರುವುದು ನನಗೇ ಗೊತ್ತಿರಲಿಲ್ಲ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನಾದಿನಿ, ಹೆಣ್ಣು ನೋಡೋಕೆ ಬಂದ ದಿನ ಮಾಡಿದ್ದನ್ನು ತೋರಿಸು ಎಂದಳು. ಹೆಂಡತಿ ತಟ್ಟೆ ಹಿಡಿದ ಹುಡುಗಿಯನ್ನು ಬಿಟ್ಟು ಕಿಟಕಿಯ ಸರಳು ನೋಡುವ ಗಂಡಿನ ಹಾಗೆ ಕತ್ತು ತಿರುಗಿಸಿದಳು. ತಿರುಗಿದಾಗ ಬಾಗಿಲಲ್ಲಿ ನಾನಿದ್ದೆ.

ಸಿಟ್ಟು ಬಂತೇ ಎಂದರೆ, ಇಲ್ಲ. ಅದು ಎಷ್ಟು ಚೆನ್ನಾಗಿತ್ತೆಂದರೆ ಸಿಟ್ಟಿಗೆ ಜಾಗವೇ ಇರಲಿಲ್ಲ. ನನಗೆ ಉರಿದದ್ದು ಬೇರೆ. ಇಂಥ ವಿದ್ಯೆ ಇರುವವಳು ಹದಿನಾಲ್ಕು ವರ್ಷದಿಂದ ನನ್ನ ಮನೆಯಲ್ಲಿದ್ದಾಳೆ, ಅದನ್ನು ನೋಡುವ ಭಾಗ್ಯ ಮಾತ್ರ ಊರವರಿಗೆಲ್ಲ. ಸೀರೆ ಮಾರುವವನಿಗೆ ಕೂಡ.

ಅತ್ತೆ ಏನೋ ಸಮಾಧಾನ ಹೇಳಲು ಹೊರಟರು. ನಾದಿನಿಯೇ ಧೈರ್ಯ ಮಾಡಿ ನನ್ನ ಕೈ ಹಿಡಿದು ಒಳಗೆ ಎಳೆದಳು.

"ಬೇಜಾರ್ ಮಾಡ್ಕಬ್ಯಾಡಿ ಭಾವ. ಈಗ ನಿಮ್ ಸರದಿ. ಅಕ್ಕನ್ನ ಮಾಡಿ ತೋರ್ಸಿ, ಸರಿಗ್ ಸರಿ ಆಗೋಗ್ಲಿ."

ಮಕ್ಕಳು ಕೈ ತಟ್ಟಿದರು. ನಾನು ರೂಮಿನ ನಡುವೆ ನಿಂತೆ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು, ಹೆದರಿಕೆಯಿಂದಲ್ಲ, ಏನು ಬರುತ್ತದೋ ಎಂದು ಕಾಯುವ ಮುಖದಲ್ಲಿ. ನಾನು ಯೋಚಿಸಿದೆ. ಅವಳು ಬೆಳಗ್ಗೆ ಏಳುತ್ತಾಳೆ, ಬಾಗಿಲಿಗೆ ನೀರು ಹಾಕುತ್ತಾಳೆ, ರೊಟ್ಟಿ ತಟ್ಟುತ್ತಾಳೆ, ಮಕ್ಕಳ ಜಡೆ ಹೆಣೆಯುತ್ತಾಳೆ. ಏನೇನು ಮಾಡುತ್ತಾಳೆ ಎಂದು ಕೇಳಿದರೆ ಇಡೀ ದಿನದ್ದು ಹೇಳಬಲ್ಲೆ. ಆದರೆ ನೀರು ಹಾಕುವಾಗ ಚೊಂಬು ಯಾವ ಕೈಯಲ್ಲಿರುತ್ತದೆ? ನಡೆಯುವಾಗ ಕತ್ತು ಹೇಗಿರುತ್ತದೆ? ಗೇಟಿನ ಮೂಲೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಹಿಡಿಯುವ ಕಣ್ಣು ನನ್ನದು. ಆ ಕಣ್ಣಿನಲ್ಲಿ ಅವಳ ಒಂದು ಅಂಗುಲವೂ ಉಳಿದಿರಲಿಲ್ಲ.

"ನಮ್ಗಿವೆಲ್ಲ ಬರಾಕಿಲ್ಲ" ಎಂದೆ.

ಅಷ್ಟಕ್ಕೇ ನಿಂತಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಷಡ್ಡಕ ಎದ್ದ. "ನಾ ಮಾಡ್ಲಾ ಅಣ್ಣ?" ಎಂದು ನನ್ನನ್ನೇ ಕೇಳಿದ. ಬೇಡವೆನ್ನಲು ಏನು ಕಾರಣ ಕೊಡಲಿ? ಹೋಟೆಲಿನ ಬಿಳಿ ಟವೆಲನ್ನು ಸೆರಗಿನ ಹಾಗೆ ಹೆಗಲಿಗೆ ಹಾಕಿಕೊಂಡು ಗೋಡೆಯ ಕಡೆ ನೋಡುತ್ತಾ ನಿಂತ, ಅಲ್ಲಿ ಸೀರೆಗಳು ಇರುವ ಹಾಗೆ. ಇಲ್ಲದ ಬಳೆ ಹಿಂದಕ್ಕೆ ತಳ್ಳಿದ. ಒಂದನ್ನು ಮುಟ್ಟಿದ, ಬಿಟ್ಟ. ಮುಂದೆ ಹೋಗಿ ಬೇರೆ ಮೂರು ನೋಡಿದ. ಆಮೇಲೆ ಮೊದಲನೆಯದರ ಕಡೆ ತಿರುಗದೆ, ತುಟಿ ಒಂದು ಕಡೆಗೆ ಒತ್ತಿ, "ಅದ್ ಬ್ಯಾಡ ಬುಡಿ" ಎಂದ. ಅದು ಬೇಕೇ ಬೇಕು ಅನ್ನುವುದು ಎಂಥ ಕುರುಡನಿಗೂ ಗೊತ್ತಾಗುವಂತಿತ್ತು.

"ಅಮ್ಮನೇ!" ಎಂದು ನನ್ನ ದೊಡ್ಡ ಮಗಳು ಕೂಗಿದಳು.

ಹೆಂಡತಿಗೆ ಮತ್ತೆ ಆ ನಗು ಬಂತು. ಈ ಸಲ ಗೋಡೆ ಇರಲಿಲ್ಲ, ಕಣ್ಣೆದುರಿಗೇ ನೋಡಿದೆ. ಹೊಟ್ಟೆ ಹಿಡಿದುಕೊಂಡು, ದಿಂಬು ಎತ್ತಿ ಷಡ್ಡಕನ ಬೆನ್ನಿಗೆ ಬಾರಿಸಿದಳು. ನನಗೆ ಅವಳು ಎಂದೂ ದಿಂಬಿನಲ್ಲಿ ಹೊಡೆದವಳಲ್ಲ. ಎಷ್ಟು ಸಲ ಅವಳು "ಅದ್ ಬ್ಯಾಡ ಬುಡಿ" ಅಂದಿದ್ದಳೋ, ಅಷ್ಟು ಸಲವೂ ನಾನು ಬೇಡವೆಂದೇ ತಿಳಿದು ಅಂಗಡಿಯಿಂದ ಇಳಿದು ಬಂದಿದ್ದೆ. ಹಬ್ಬಕ್ಕೆ ಬಂದು ಹೋಗುವವನು, ವರ್ಷಕ್ಕೆ ನಾಲ್ಕು ಸಲ ಕಾಣುವವನು, ಅದನ್ನು ಹಿಡಿದಿದ್ದ.

ಊಟದ ಹೊತ್ತಿಗೆ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಬೇಜಾರಾಯಿತೇ ಎಂದು ಹೆಂಡತಿ ಮೆಟ್ಟಿಲಲ್ಲಿ ಮೆಲ್ಲಗೆ ಕೇಳಿದಳು. ನನ್ನನ್ನು ಆಡಿಕೊಂಡದ್ದಕ್ಕೆ ಅಂದುಕೊಂಡಿದ್ದಳು. ಇಲ್ಲ ಎಂದೆ.

ಮಾರನೆಯ ಬೆಳಗ್ಗೆ ಅತ್ತೆಯ ಲಿಂಗಪೂಜೆ ಮುಗಿಯುವವರೆಗೆ ಕಾದು ಪಾರ್ಕಿಗೆ ಹೋದೆವು. ನೀರಿಗೆ ಇಳಿಯುವವರು ಸೀರೆ, ಪಂಚೆ, ಹತ್ತಿ ಬಟ್ಟೆ ಹಾಕುವಂತಿಲ್ಲ, ನೈಲಾನಿನದೇ ಆಗಬೇಕು ಎಂದರು. ಅಲ್ಲೇ ಬಾಡಿಗೆಗೆ ಕೊಡುತ್ತಿದ್ದರು, ಎಲ್ಲರಿಗೂ ಒಂದೇ ತರಹದ ನೀಲಿ ಟೀ ಶರ್ಟು, ಕರಿ ಪ್ಯಾಂಟು, ಕೂದಲಿಗೆ ಟೋಪಿ. ಕಪಿಲೆಯ ಸುಳಿಯಲ್ಲಿ ಈಜು ಕಲಿತವನು ನಾನು. ಮಳೆಗಾಲದ ಹೊಳೆಯನ್ನು ಅಡ್ಡ ದಾಟಿದ್ದೇನೆ. ಊರವರೆಲ್ಲ ಹಾಕಿ ಬಿಟ್ಟ ಚಡ್ಡಿ ಹಾಕಿಕೊಂಡು ಸೊಂಟದ ಮಟ್ಟದ ನೀರಿನಲ್ಲಿ ಕುಣಿಯುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ನಾನು ಬ್ಯಾಗು ನೋಡಿಕೊಳ್ಳುತ್ತೇನೆ ಎಂದೆ. ಈಜು ಬಾರದ ಷಡ್ಡಕ ಸೊಂಟಕ್ಕೆ ಟ್ಯೂಬು ಸಿಕ್ಕಿಸಿಕೊಂಡು ಮಕ್ಕಳಿಗಿಂತ ಮುಂಚೆ ಓಡಿದ.

ಅಲೆ ಏಳುವ ಕೊಳದ ದಂಡೆಯಲ್ಲಿ, ಏಳು ಬ್ಯಾಗು, ಐದು ಮೊಬೈಲು ಇಟ್ಟುಕೊಂಡು ಕೂತೆ. ಪಕ್ಕದಲ್ಲಿ ಅತ್ತೆ ಮಾವ ಕಡಲೆಕಾಯಿ ಸುಲಿಯುತ್ತಿದ್ದರು. ನೀರಿನಲ್ಲಿ ನೂರಾರು ಜನ, ಎಲ್ಲರೂ ನೀಲಿ. ಹೆಂಡತಿಯನ್ನು ಹುಡುಕಿದೆ. ಸೀರೆಯಿಲ್ಲ, ಜಡೆಯಿಲ್ಲ, ಹಾಗಿರುವ ಅವಳನ್ನು ಯಾವುದರಿಂದ ಗುರುತು ಹಿಡಿಯಲಿ? ಕೊನೆಗೆ ಒಬ್ಬಳು ಅವಳೇ ಅನ್ನಿಸಿ ಬಹಳ ಹೊತ್ತು ನೋಡುತ್ತಾ ಕೂತೆ. ಅವಳು ತಿರುಗಿದಳು, ಬೇರೆ ಯಾರೋ. ಅವಳ ಪಕ್ಕದಲ್ಲಿದ್ದ ಗಂಡಸು ನನ್ನನ್ನು ದುರುಗುಟ್ಟಿ ನೋಡಿದ. ಅಷ್ಟರಲ್ಲಿ ಷಡ್ಡಕ ಎಲ್ಲಿಂದಲೋ ಅಕ್ಕಾ ಎಂದು ಕೂಗಿ, ಜನರ ನಡುವಿನಿಂದ ಸೀದಾ ನನ್ನ ಹೆಂಡತಿಯ ಹತ್ತಿರ ಹೋಗಿ ಕೈ ಹಿಡಿದು ಎಳೆದುಕೊಂಡು ಬಂದ. ನನ್ನಿಂದ ಹತ್ತು ಮಾರು ದೂರದಲ್ಲೇ ಇದ್ದಳು.

ಅವರು ಮತ್ತೆ ಗುಂಪಿನಲ್ಲಿ ಸೇರಿಹೋದರು. ಮಾವನಿಗೆ ಬ್ಯಾಗು ನೋಡಿಕೊಳ್ಳಲು ಹೇಳಿ ನಾನು ನೀರಿನ ಅಂಚಿಗೆ ಹೋಗಿ, ಪ್ಯಾಂಟಿನ ಕಾಲು ಮಡಚಿ ಕೂತೆ. ಹಟ ಹುಟ್ಟಿತ್ತು. ಗೇಟಿನ ಚೌಕಟ್ಟು ನೋಡುವ ಹಾಗೆ ಒಂದೊಂದೇ ಸಾಲು ನೋಡುತ್ತಾ ಬಂದೆ. ಅಲೆ ಬಿಡುವ ಮುಂಚೆ ಅಲ್ಲಿ ಸೈರನ್ ಕೂಗುತ್ತದೆ. ಜನ ಕಿರುಚುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಆ ಗದ್ದಲದಲ್ಲಿ ಒಬ್ಬಳು ಒಂದು ಸಣ್ಣ ಕೆಲಸ ಮಾಡಿದಳು. ಅರೆ ಕ್ಷಣದ ಕೆಲಸ, ಅಲೆ ಬಂದು ತಲುಪುವ ಮೊದಲೇ ಮುಗಿದುಹೋಯಿತು. ಮುಖ ಕಾಣುತ್ತಿರಲಿಲ್ಲ, ಆದರೂ ಅದು ಅವಳೇ ಎಂದು ನನ್ನ ಮೈಗೆ ಗೊತ್ತಾಯಿತು. ಮನೆಯಲ್ಲೂ ಅದನ್ನೇ ಮಾಡುತ್ತಾಳೆ. ಒಗ್ಗರಣೆಗೆ ಸಾಸಿವೆ ಹಾಕುವ ಮುಂಚೆ, ನನ್ನ ಬೈಕಿನ ಹಿಂದೆ ಹತ್ತುವ ಮುಂಚೆ. ಎಲ್ಲ ಒಟ್ಟಿಗೆ ನೆನಪಾಯಿತು. ಮುಂದಿನ ಸೈರನ್ನಿಗೆ ಮತ್ತೆ ನೋಡಿದೆ, ಮಾಡಿದಳು. ಅದರ ಮುಂದಿನದಕ್ಕೂ ಮಾಡಿದಳು. ಷಡ್ಡಕ ಪಕ್ಕದಲ್ಲೇ ಇದ್ದ, ಅವನ ಮೇಲೂ ಒಂದು ಕಣ್ಣಿಟ್ಟಿದ್ದೆ. ಅವನು ಟ್ಯೂಬು ಸರಿಮಾಡಿಕೊಳ್ಳುತ್ತಾ ಬೇರೆ ಕಡೆ ನೋಡುತ್ತಿದ್ದ.

ನೀರಿನಿಂದ ಎದ್ದು ಬಂದವಳು ನಾನು ನೋಡುತ್ತಿರುವುದನ್ನು ಕಂಡು ನಿಂತಳು.

"ಏನ್ರೀ, ಮುಖದಲ್ಲೇನಾದ್ರೂ ಮೆತ್ಕಂಡದಾ?"

ಏನೂ ಇಲ್ಲ ಎಂದು ಟವೆಲು ಕೊಟ್ಟೆ.

ವಾಪಸ್ಸು ಬರುವಾಗ ಗಾಡಿಯಲ್ಲಿ ಮಕ್ಕಳು ಮತ್ತೆ ಅದೇ ಆಟ ತೆಗೆದರು. ಮಾವನ ಕೆಮ್ಮು, ಅತ್ತೆಯ ಗೊಣಗಾಟ ಎಲ್ಲವೂ ಆಯಿತು. ಕೊನೆಗೆ ನಾದಿನಿ ನನ್ನ ಕಡೆ ತಿರುಗಿ, ಈಗಲಾದರೂ ಅಕ್ಕನದು ಒಂದು ಮಾಡಿ ಎಂದಳು. ಎಲ್ಲರ ಕಣ್ಣು ನನ್ನ ಮೇಲೆ. ಷಡ್ಡಕ ಮುಂದಿನ ಸೀಟಿನಿಂದ ಪೂರ್ತಿ ಹಿಂದಕ್ಕೆ ತಿರುಗಿ ಕೂತ.

"ಬುಡೇ ಅತ್ಲಾಗೆ" ಎಂದಳು ನನ್ನ ಹೆಂಡತಿ ತಂಗಿಗೆ. "ಅವ್ರಿಗ್ ಅವೆಲ್ಲ ಬರಾಕಿಲ್ಲ."

ಬರುತ್ತದೆ ಎನ್ನುವ ಮಾತು ಬಾಯಿ ತುದಿಗೆ ಬಂದಿತ್ತು. ಆಗ ಮಾಡಿದ್ದರೆ ಅವಳು ನನಗಾಗಿ ಹಾಗೆ ನಗುತ್ತಿದ್ದಳೋ ಏನೋ, ಇವತ್ತಿಗೂ ಅದೊಂದು ಕೊರಗು ಇದೆ. ಆದರೆ ಷಡ್ಡಕ ನೋಡುತ್ತಿದ್ದ. ಒಂದು ಸಲ ಕಂಡರೆ ಸಾಕು, ನರಸೀಪುರ ಬರುವಷ್ಟರಲ್ಲಿ ನನಗಿಂತ ಚೆನ್ನಾಗಿ ಕಲಿತುಬಿಡುತ್ತಿದ್ದ. ನಾನು ತಲೆಯಾಡಿಸಿ, ಇಲ್ಲ, ನನಗೆ ಬರುವುದಿಲ್ಲ ಎಂದೆ.

ಅವಳ ಆ ಸಣ್ಣ ಕೆಲಸ ಏನೆಂದು ಇಲ್ಲೂ ಬರೆಯುವುದಿಲ್ಲ. ಅವನು ಓದುತ್ತಾನೆ.