ಕಾಳು ಕಚ್ಚುತ್ತಿದ್ದ ಹಲ್ಲಣ್ಣ

ನಮ್ಮಪ್ಪನನ್ನು ಮಾರುಕಟ್ಟೆಯಲ್ಲಿ ಎಲ್ಲರೂ ಹಲ್ಲಣ್ಣ ಅಂತಲೇ ಕರೆಯುತ್ತಿದ್ದರು. ಮೆಕ್ಕೆಜೋಳ ಕೊಳ್ಳುವ ಗೋದಾಮಿನಲ್ಲಿ ಮಾಲು ನೋಡಿ ಪಾಸು ಮಾಡುವ ಕೆಲಸ ಅವರದು. ಚೀಲದೊಳಗೆ ಕೈ ತೂರಿಸಿ ನಾಲ್ಕು ಕಾಳು ತೆಗೆದು ದವಡೆಗಿಟ್ಟು ಕಚ್ಚುವರು. ಕಟಕ್ ಅಂದರೆ ಒಣಗಿದೆ, ಪಾಸು. ಮೆತ್ತಗೆ ಒತ್ತಿಕೊಂಡರೆ ಹಸಿ, ವಾಪಸ್ಸು. ಆ ಸದ್ದು ಕೇಳಿದ ಮೇಲೆಯೇ ರೈತರು ಉಸಿರು ಬಿಡುತ್ತಿದ್ದದ್ದು. ರೈತರೇನು, ಇಡೀ ಊರೇ. ಜೋಳ ಪಾಸಾದ ವಾರ ದರ್ಜಿಯ ಹೊಲಿಗೆ ಯಂತ್ರ ನಿಲ್ಲುತ್ತಿರಲಿಲ್ಲ, ಶಾಲೆಯ ಫೀಸು ಸಲ್ಲುತ್ತಿತ್ತು, ಅರ್ಧಕ್ಕೆ ನಿಂತ ಮದುವೆ ಮಾತುಕತೆಗಳಿಗೆ ಮತ್ತೆ ಜೀವ ಬರುತ್ತಿತ್ತು. ವಾಪಸ್ಸಾದ ವಾರ ಚಹಾದಂಗಡಿಯವನು ನೊಣ ಹೊಡೆಯುತ್ತ ಕೂರುತ್ತಿದ್ದ.

ಅಷ್ಟು ದೊಡ್ಡ ಭಾರವನ್ನು ಒಬ್ಬ ಮನುಷ್ಯನ ಹಲ್ಲಿನ ಮೇಲೆ ಹೊರಿಸಿದವರಿಗೂ ಬುದ್ಧಿ ಇರಲಿಲ್ಲ, ಹೊತ್ತವರಿಗೂ ಇರಲಿಲ್ಲ. ಮಗಳಾಗಿ ಹೀಗೆ ಹೇಳಬಾರದು. ಹೇಳುತ್ತೇನೆ.

ಆಮೇಲೆ ಕೊಯ್ಲಿನ ಯಂತ್ರಗಳು ಬಂದವು. ಮೊದಲೆಲ್ಲ ತೆನೆ ಮುರಿದು, ಕಣದಲ್ಲಿ ಹರಡಿ, ವಾರಗಟ್ಟಲೆ ಬಿಸಿಲಿಗೆ ಹಾಕಿ ತರುತ್ತಿದ್ದ ಜೋಳ, ಈಗ ಬೆಳಿಗ್ಗೆ ಹೊಲದಲ್ಲಿದ್ದರೆ ಮಧ್ಯಾಹ್ನ ನಮ್ಮ ಗೇಟಿನಲ್ಲಿ. ಕೆಲಸ ಹಗುರ, ಕಾಳು ಹಸಿ. ಅದಕ್ಕೇ ಮಾಲೀಕರು ತೇವ ಅಳೆಯುವ ಚಿಕ್ಕ ಯಂತ್ರವೊಂದನ್ನು ತರಿಸಿಕೊಟ್ಟರು. ಹಿಡಿ ಕಾಳು ಸುರಿದರೆ ಅಂಕಿ ತೋರಿಸುತ್ತದೆ, ಅಷ್ಟೇ. ಅಪ್ಪ ಅದನ್ನು ಡಬ್ಬಿಯಿಂದ ಹೊರಗೇ ತೆಗೆಯಲಿಲ್ಲ. "ಅದೇನು ಜೋಳ ತಿಂದು ಬೆಳೆದಿದೆಯಾ?" ಅನ್ನುವರು. ಸುತ್ತ ನಿಂತವರು ಗೊಳ್ಳೆಂದು ನಗುವರು.

ಅದೇ ವರ್ಷ ಅಪ್ಪನ ಹಲ್ಲೆಲ್ಲ ಹೋಗಿ ಕಟ್ಟಿಸಿದ ಹಲ್ಲು ಬಂತು. ಪಕ್ಕದೂರಿನ ಹಲ್ಲಿನ ಡಾಕ್ಟರ ಹತ್ತಿರ ಗುಟ್ಟಾಗಿ ಕರೆದುಕೊಂಡು ಹೋದವಳು ನಾನೇ.

"ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋ ಗಾದೆ ನಿಮಗೇ ಮಾಡಿದ್ದು ಅಪ್ಪ," ಅಂತ ಬಸ್ಸಿನಲ್ಲಿ ತಮಾಷೆ ಮಾಡಿದೆ.

ಅವರು ನಗಲಿಲ್ಲ. "ಯಾರ ಹತ್ರಾನೂ ಬಾಯಿ ಬಿಡಬೇಡ ಕಣೇ," ಅಂದರು.

ಕಟ್ಟಿಸಿದ ಹಲ್ಲಿಗೆ ಕಾಳಿನ ಒಳಗು ತಿಳಿಯುವುದಿಲ್ಲ. ಹಲ್ಲಿಗೆ ಹಲ್ಲು ಬಡಿದೇ ಕಟಕ್ ಅನ್ನುತ್ತದೆ. ಅದು ನನಗೆ ಗೊತ್ತಿತ್ತು. ಆದರೂ ಸುಮ್ಮನಿದ್ದೆ.

ಆ ಸುಗ್ಗಿಯಲ್ಲಿ ತೆರೆದ ಷೆಡ್ಡಿನಲ್ಲಿ ಪೇರಿಸಿದ್ದ ಚೀಲಗಳ ಮೂರನೇ ಅಟ್ಟಿ ಕೆಟ್ಟಿತು. ಹಸಿ ಕಾಳನ್ನು ಒತ್ತಿ ಪೇರಿಸಿದರೆ ಒಳಗೊಳಗೇ ಬೇಯುತ್ತದೆ. ಟಾರ್ಪಾಲು ಎತ್ತಿದಾಗ ಹುಳಿ ನಾತ ರಸ್ತೆಯವರೆಗೆ ಹೊಡೆಯಿತು, ನೂರಾರು ಚೀಲ ಕಪ್ಪಗಾಗಿ ಹೆಂಟೆ ಕಟ್ಟಿದ್ದವು. ಹಿಂದಿನ ವಾರವಷ್ಟೇ ಮಳೆ ಬಂದಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಅಪ್ಪ ಮಾಲೀಕರ ಮುಂದೆ ನಿಂತು, "ಟಾರ್ಪಾಲು ಸರಿಯಾಗಿ ಮುಚ್ಚಿಲ್ಲ ಅನ್ಸುತ್ತೆ," ಅಂದರು.

ಅನ್ಸುತ್ತೆ! ಆ ಒಂದು ಮಾತಿಗೆ ಹಮಾಲಿ ಮಾಮನ ಕೆಲಸ ಹೋಯಿತು. ಇಪ್ಪತ್ತು ವರ್ಷ ಅಪ್ಪ ಪಾಸು ಮಾಡಿದ ಚೀಲಗಳನ್ನು ಹೊತ್ತು, ಅಟ್ಟಿ ಪೇರಿಸಿ, ಟಾರ್ಪಾಲು ಮುಚ್ಚಿದವರು ಅವರು. ಚಿಕ್ಕವಳಿದ್ದಾಗ ನನ್ನನ್ನೂ ಚೀಲದ ಹಾಗೆ ಬೆನ್ನಿಗೆ ಹಾಕಿಕೊಂಡು ಷೆಡ್ಡು ಸುತ್ತಿಸುತ್ತಿದ್ದರು. ಮಾಲು ಕೆಡಿಸಿದವನು ಅಂತ ಬೇರೆ ಯಾವ ಗೋದಾಮಿನವರೂ ಅವರನ್ನು ಸೇರಿಸಲಿಲ್ಲ. ಮರುವರ್ಷ ಕಟ್ಟಡವೊಂದಕ್ಕೆ ಕಲ್ಲು ಹೊರುತ್ತಿದ್ದಾಗ ಎದೆ ಹಿಡಿದು ಕೂತವರು ಮತ್ತೆ ಏಳಲಿಲ್ಲ.

ಅಲ್ಲಿಗೆ ಅಪ್ಪನ ಹುರುಪೂ ಮುಗಿಯಿತು. ಕೆಲಸ ಬಿಟ್ಟರು; ಯಂತ್ರವನ್ನು ಡಬ್ಬಿಯಿಂದ ತೆಗೆದು ಆ ಜಾಗದಲ್ಲಿ ನಾನು ಕೂತೆ. ಆದರೂ ದಿನಾ ಷೆಡ್ಡಿಗೆ ಬರುವರು. ನಡುಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮೂರನೇ ಅಟ್ಟಿಯ ಖಾಲಿ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು ನೆಲಕ್ಕೆ ಅಂಗೈ ಇಡುವರು.

"ಇನ್ನೂ ಬಿಸಿ ಇದೆ, ಮುಟ್ಟು ನೋಡು."

ಮುಟ್ಟಿದೆ. ತಣ್ಣಗಿನ ಸಿಮೆಂಟು.

ಚೀಲ ಹೊತ್ತವರು ಎದುರಾದರೆ ನಾವು ಗೋಡೆಗೊತ್ತಿ ನಿಂತು ದಾರಿ ಬಿಡುವುದು ಗೋದಾಮಿನ ಅಭ್ಯಾಸ. ಒಂದು ದಿನ ಯಾರೂ ಇಲ್ಲದ ಷೆಡ್ಡಿನಲ್ಲಿ ಅಪ್ಪ ಹಾಗೇ ಸರಕ್ಕನೆ ಗೋಡೆಗೆ ಒತ್ತಿಕೊಂಡರು. ಅವರ ಕಣ್ಣು ಯಾರನ್ನೋ ಹಿಂಬಾಲಿಸುವ ಹಾಗೆ ಎದುರಿನಿಂದ ನಿಧಾನಕ್ಕೆ ನನ್ನ ಕಡೆ ಬಂತು. ಅಯ್ಯೋ, ನಾನೂ ಹಿಂದೆ ಸರಿದು ದಾರಿ ಬಿಟ್ಟೆನಲ್ಲ!

"ಸರಿಯಾಗಿ ಕಚ್ಚಿ ನೋಡಿದ್ರಾ ಅಣ್ಣ ಅಂತ ಕೇಳ್ತಾನೆ ಕಣೇ ನಿನ್ನ ಮಾಮ. ಬೇರೆ ಏನೂ ಕೇಳಲ್ಲ," ಅಂದರು ಅಪ್ಪ.

ನನಗೆ ಹೆದರಿಕೆಗಿಂತ ಸಿಟ್ಟೇ ಮೊದಲು ಬಂತು. "ಕೇಳದೆ ಬಿಡ್ತಾರಾ? ಸತ್ತವರ ಹತ್ರ ಮಾತಾಡಿದ್ದು ಸಾಕು, ಬದುಕಿರೋರ ಹತ್ರ ಹೋಗಿ ಹೇಳಿ. ನಡೀರಿ, ನಾನೂ ಬರ್ತೀನಿ. ಇದರಲ್ಲಿ ನನ್ನ ಪಾಲೂ ಇದೆ."

ಬಸ್ ನಿಲ್ದಾಣದ ಹಿಂದೆ ಒಂದೇ ಕೋಣೆಯ ಮನೆ. ಮಾಮನ ಹೆಂಡತಿ ಹೊಸ್ತಿಲ ಬೆಳಕಿನಲ್ಲಿ ಕೂತು ಹರಿದ ಗೋಣಿಚೀಲ ಹೊಲಿಯುತ್ತಿದ್ದರು. ಅಪ್ಪ ಅವರೆದುರು ನಿಂತರು. ಬಾಯಿಗೆ ಕೈ ಹಾಕಿ ಹಲ್ಲಿನ ಸೆಟ್ಟನ್ನು ತೆಗೆದು ಅಂಗೈ ಮೇಲಿಟ್ಟು ಚಾಚಿದರು. ಕೆನ್ನೆ ಒಳಕ್ಕೆ ಬಿದ್ದು ಅವರು ಯಾರೋ ಮುದುಕನಂತೆ ಕಂಡರು.

"ಇವು ನನ್ನವಲ್ಲ ಕಣಮ್ಮ. ಆಗ್ಲೂ ನನ್ನವಲ್ಲ. ಜೋಳ ಹಸಿ ಇತ್ತು, ನನಗೆ ಗೊತ್ತಾಗ್ಲಿಲ್ಲ. ಟಾರ್ಪಾಲು ಸರಿಯಾಗೇ ಇತ್ತು."

ಅತ್ತೆ ಸೂಜಿ ಕೆಳಗಿಡಲಿಲ್ಲ. "ಅವರಿಗೆ ಗೊತ್ತಿತ್ತು," ಅಂದರು. "ಚೀಲ ಬೆನ್ನಿಗೆ ಬಿದ್ರೆ ಹಸಿ ಭಾರ ಯಾವುದು ಅಂತ ಹೊರೋರಿಗೆ ತಿಳಿಯಲ್ವಾ? ನೀವು ಷೆಡ್ಡಿನ ಹಿಂದೆ ನಲ್ಲಿ ಹತ್ರ ಹಲ್ಲು ಕೈಗೆ ತೆಗೆದು ತೊಳೆಯೋದೂ ನೋಡಿದ್ರು. ಯಾಕ್ರೀ ಸುಮ್ನಿದ್ದೀರ ಅಂತ ನಾನು ಜಗಳ ಆಡ್ದೆ. 'ನಾನು ಹೇಳಿದ್ರೆ ಅಣ್ಣನ ಮರ್ಯಾದೆ ಹೋಗುತ್ತೆ, ಅಣ್ಣನೇ ಬಂದು ಹೇಳ್ತಾರೆ ಬಿಡು' ಅಂದ್ರು."

ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಅತ್ತೆ ದಾರವನ್ನು ಹಲ್ಲಿನಿಂದ ಕಡಿದು, ಮೊದಲ ಸಲ ತಲೆಯೆತ್ತಿ ಅಪ್ಪನ ಮುಖ ನೋಡಿದರು. "ಕೊನೇ ದಿನ ಕೆಲಸಕ್ಕೆ ಹೊರಡೋವಾಗ್ಲೂ ಕೇಳಿದ್ರು, ಅಣ್ಣ ಏನಾದ್ರೂ ಬಂದಿದ್ರಾ ಅಂತ."